ಡ್ರಿಲ್ ಹಿಡಿಯುವ ಮೊದಲು: ಕಟ್ಟಡ ನಿರ್ವಹಣಾ ಸಿಬ್ಬಂದಿಗೆ ಕಲ್ನಾರಿನ ಅರಿವು ಮೂಡಿಸುವ ಬಗೆ

ಏಪ್ರಿಲ್‌ನ ಮೊದಲ ಗಾಳಿಮಳೆ ಬಿದ್ದ ಮರುದಿನದಿಂದ ನನಗೆ ಒಂದೇ ಪ್ರಶ್ನೆ ಬರತೊಡಗುತ್ತದೆ. "ಜನರೇಟರ್ ಕೋಣೆಯ ಮೇಲಿನ ಸಿಮೆಂಟ್ ಶೀಟ್ ಸೋರುತ್ತಿದೆ, ನಮ್ಮ ಪ್ಲಂಬರ್ ಹುಡುಗನನ್ನೇ ಹತ್ತಿಸಬಹುದೇ?" ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಕೇಳುತ್ತಾರೆ, ಕಾಲೇಜಿನ ಕಟ್ಟಡ ನೋಡಿಕೊಳ್ಳುವವರು ಕೇಳುತ್ತಾರೆ, ಆಸ್ಪತ್ರೆಯ ಮೇಲ್ವಿಚಾರಕರೂ ಕೇಳುತ್ತಾರೆ. ಅದರ ಬೆನ್ನಿಗೇ ಎರಡನೆಯದು: "ಆಸ್‌ಬೆಸ್ಟಾಸ್ ಬಗ್ಗೆ ಕೆಲಸಗಾರರಿಗೆ ತರಬೇತಿ ಕೊಡಬೇಕಂತೆ. ಅದರಲ್ಲಿ ಏನು ಹೇಳಬೇಕು?" ಆಸ್‌ಬೆಸ್ಟಾಸ್ ಎಂದರೆ ಕಲ್ನಾರು; ಸಿಮೆಂಟ್ ಶೀಟಿನಲ್ಲಿ ಬೆರೆತಿರುವುದು ಅದೇ. ಹಾಗಾಗಿ ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ಅರಿವಿನ ತರಬೇತಿ ಬೇರೆ, ಆಸ್‌ಬೆಸ್ಟಾಸ್ ತೆಗೆಯುವ ತರಬೇತಿ ಬೇರೆ. ಬ್ರಿಟನ್ನಿನ 2012ರ ನಿಯಮಗಳ ಅಡಿಯಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳಿವೆ: ಬರೀ ಅರಿವು, ಪರವಾನಗಿ ಬೇಡದ ಸಣ್ಣ ಕೆಲಸ, ಪರವಾನಗಿ ಬೇಕಾದ ದೊಡ್ಡ ಕೆಲಸ. ಮೊದಲ ಮೆಟ್ಟಿಲಲ್ಲಿ ಕುಳಿತು ಎದ್ದವನಿಗೆ ಶೀಟ್ ಮುಟ್ಟುವ ಅರ್ಹತೆ ಬರುವುದಿಲ್ಲ. ಎಲ್ಲಿ ಕೈ ನಿಲ್ಲಿಸಬೇಕು ಎಂಬುದಷ್ಟೇ ಅವನಿಗೆ ತಿಳಿಯುತ್ತದೆ. ನಮ್ಮಲ್ಲಿ ಇಂಥ ಮೆಟ್ಟಿಲುಗಳ ಕಟ್ಟುಪಾಡು ಇಲ್ಲ. ಹಾಗಾಗಿ ಎರಡು ತಾಸಿನ ಉಪನ್ಯಾಸ ಕೇಳಿಸಿ, ಮರುದಿನವೇ ಅದೇ ಹುಡುಗನ ಕೈಗೆ ಗ್ರೈಂಡರ್ ಕೊಟ್ಟು ಮೇಲೆ ಹತ್ತಿಸುವವರಿದ್ದಾರೆ. ಹಾಗೆ ಮಾಡುವುದಾದರೆ ತರಬೇತಿ ಕೊಡದೆ ಇರುವುದೇ ವಾಸಿ. ಕನಿಷ್ಠ ಧೈರ್ಯವಾದರೂ ಹೆಚ್ಚುವುದಿಲ್ಲ.

ಏನಿದು ಕಲ್ನಾರು?

ಕನ್ನಡದ ಹೆಸರೇ ಎಲ್ಲವನ್ನೂ ಹೇಳುತ್ತದೆ: ಕಲ್ಲಿನ ನಾರು. ನೆಲದಿಂದ ತೆಗೆದ ಈ ಖನಿಜವನ್ನು ಬಡಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿ ಹತ್ತುವುದಿಲ್ಲ, ಕೊಳೆಯುವುದಿಲ್ಲ, ಅಗ್ಗ. ಹೀಗಾಗಿ ಸಿಮೆಂಟಿಗೆ ಬೆರೆಸಿ ಶೀಟ್, ಕೊಳವೆ ಮಾಡಿದರು. ನಮ್ಮ ಶೀಟುಗಳಲ್ಲಿ ಇರುವುದು ಕ್ರೈಸೋಟೈಲ್ ಎಂಬ ಬಿಳಿ ಕಲ್ನಾರು. ತೂಕದಲ್ಲಿ ಅದು ನೂರಕ್ಕೆ ಹತ್ತರ ಆಸುಪಾಸು, ಉಳಿದದ್ದು ಸಿಮೆಂಟ್ ಮತ್ತು ಹಾರುಬೂದಿ. "ನೀಲಿಯದು ಮಾತ್ರ ಕೆಟ್ಟದ್ದು, ಬಿಳಿಯದರಿಂದ ಏನೂ ಆಗುವುದಿಲ್ಲ" ಎಂದು ಅಂಗಡಿಯಲ್ಲಿ ಹೇಳುವುದನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕಲ್ನಾರಿನ ಎಲ್ಲ ಬಗೆಗಳನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ಶೀಟ್ ಸುಮ್ಮನೆ ತಲೆಯ ಮೇಲೆ ಕುಳಿತಿದ್ದರೆ, ಬಿರುಕು ಬಿಡದೆ ಗಟ್ಟಿಯಾಗಿದ್ದರೆ, ಎಳೆಗಳು ಸಿಮೆಂಟಿನೊಳಗೆ ಬಂಧಿಯಾಗಿರುತ್ತವೆ. ಕೊರೆದಾಗ, ಗರಗಸ ಹಾಕಿದಾಗ, ಒಡೆದಾಗ, ಉಜ್ಜಿದಾಗ, ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಿದಾಗ ಅವು ಗಾಳಿಗೆ ಬರುತ್ತವೆ. ಇಷ್ಟು ಗೊತ್ತಿದ್ದರೆ ಭಯಕ್ಕೂ ಉಡಾಫೆಗೂ ನಡುವಿನ ದಾರಿ ಸಿಗುತ್ತದೆ.

ತರಬೇತಿಗೆ ಮುನ್ನ ಕೈಯಲ್ಲಿರಬೇಕಾದವು

ಕಟ್ಟಡದ ನಕ್ಷೆ (ಇಲ್ಲದಿದ್ದರೆ ಕೈಯಲ್ಲಿ ಬರೆದದ್ದು), ಒಂದು ನೋಟ್‌ಬುಕ್, ಫೋಟೋ ತೆಗೆಯಲು ಮೊಬೈಲ್, ಅಂಟಿಸಲು ಎಚ್ಚರಿಕೆಯ ಚೀಟಿಗಳು. ಪ್ರಾತ್ಯಕ್ಷಿಕೆಗೆ ಒಂದು ಟಾರ್ಚ್, ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ, ನೀರು ಸಿಂಪಡಿಸುವ ಬಾಟಲಿ. ಜೊತೆಗೆ ಎಫ್‌ಎಫ್‌ಪಿ3 ದರ್ಜೆಯ ಕೆಲವು ಮುಖಗವಸುಗಳು. ಇದು ಗಾಳಿಯ ಸಣ್ಣ ಕಣಗಳನ್ನು ತಡೆಯುವ ಮುಖಗವಸುಗಳಲ್ಲಿ ಮೇಲಿನ ದರ್ಜೆ. ಭಾರತೀಯ ಮಾನಕ ಐಎಸ್ 9473ರ ಗುರುತು ಅದರ ಮೇಲೆ ಇರಬೇಕು. ಎನ್95 ಹೆಚ್ಚುಕಡಿಮೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು.

ಹಂತ 1: ಕಟ್ಟಡ ಸುತ್ತಿ, ಪಟ್ಟಿ ಮಾಡಿ

ತರಗತಿಗೆ ಮೊದಲು ನೀವೇ ಒಮ್ಮೆ ಸುತ್ತಬೇಕು. ಎಲ್ಲಿದೆ ಎಂದು ನಿಮಗೇ ಗೊತ್ತಿರದೆ ಅವರಿಗೆ ಹೇಳುವುದಾದರೂ ಏನನ್ನು?

ಶೀಟ್ ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಿಹೋಗುವುದು ಉಳಿದವು. ಮಳೆನೀರು ಇಳಿಯುವ ಹಳೆಯ ಬೂದು ಕೊಳವೆಗಳು, ಶೌಚಗುಂಡಿಯ ಗಾಳಿಕೊಳವೆ ಮತ್ತು ಅದರ ಮೇಲಿನ ಟೋಪಿ, ಬಚ್ಚಲ ಹಂಡೆಯ ಒಲೆಯಿಂದ ಮೇಲೆದ್ದ ಹೊಗೆಕೊಳವೆ, ಕಾವಲುಗಾರರ ಗೂಡಿನ ಗೋಡೆಗೆ ಹೊಡೆದ ಚಪ್ಪಟೆ ಹಲಗೆ, ಹಳೆಯ ಕಚೇರಿಗಳ ಅಡ್ಡಗೋಡೆ ಮತ್ತು ಸುಳ್ಳುಛಾವಣಿ. ಆಸ್ಪತ್ರೆ, ಹಾಸ್ಟೆಲ್, ಹೋಟೆಲ್ ಆದರೆ ಬಾಯ್ಲರ್ ಕೋಣೆಯನ್ನು ಬಿಡಬೇಡಿ: ಬಾಯ್ಲರ್ ಬಾಗಿಲಿನ ಸಂದಿಗೆ ತುರುಕಿದ ಬಿಳಿ ಹಗ್ಗ, ಕೊಳವೆಯ ಕೀಲುಗಳ ನಡುವಿನ ಗ್ಯಾಸ್ಕೆಟ್, ಹಬೆಯ ಕೊಳವೆಗೆ ಬಟ್ಟೆಯಂತೆ ಸುತ್ತಿದ ಶಾಖನಿರೋಧಕ. ಹಳೆಯ ಲಿಫ್ಟಿನ ಬ್ರೇಕ್ ಪಟ್ಟಿ, ಹಳೆಯ ಕಿಟ್‌ಕ್ಯಾಟ್ ಫ್ಯೂಸಿನೊಳಗಿನ ಮೆತ್ತೆಯೂ ಇದೇ ಪಟ್ಟಿಗೆ ಸೇರಬಹುದು. ಒಡೆದ ಶೀಟಿನ ತುಂಡುಗಳನ್ನು ಹುಡುಕುವುದನ್ನೂ ಮರೆಯಬೇಡಿ. ನಾಯಿಗೂಡಿಗೆ, ಗೊಬ್ಬರದ ಗುಂಡಿಗೆ, ಒಲೆಯ ಹಿಂದಿನ ಮರೆಗೆ ಅವು ಸೇರಿಕೊಂಡಿರುತ್ತವೆ. ಒಲೆಯ ಹತ್ತಿರದ ತುಂಡು ಕಾದು ಸಿಡಿಯುವ ಸಂಭವವೂ ಇದೆ.

ಪ್ರತಿಯೊಂದಕ್ಕೂ ನಾಲ್ಕು ಸಂಗತಿ ಬರೆಯಿರಿ: ಎಲ್ಲಿದೆ, ಏನು, ಎಷ್ಟಿದೆ, ಸ್ಥಿತಿ ಹೇಗಿದೆ. ಸ್ಥಿತಿ ಎಂದರೆ ಗಟ್ಟಿ, ಬಿರುಕು, ಪುಡಿಯಾಗುತ್ತಿದೆ, ಈ ಮೂರರಲ್ಲಿ ಒಂದು. ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥದ್ದು (ಬಾಯ್ಲರ್ ಸುತ್ತಿನದು ಸಾಮಾನ್ಯವಾಗಿ ಹೀಗಿರುತ್ತದೆ) ಶೀಟಿಗಿಂತ ಬಹಳ ಅಪಾಯಕಾರಿ. ಅದನ್ನು ಒತ್ತಿ ನೋಡಲು ಹೋಗಬೇಡಿ, ನೋಟದಲ್ಲೇ ತಿಳಿಯುತ್ತದೆ.

ಇಲ್ಲಿ ಎರಡು ಎಡವಟ್ಟುಗಳಾಗುತ್ತವೆ. ಮೊದಲನೆಯದು ವರ್ಷದ ಲೆಕ್ಕ. ಅಂತರಜಾಲದಿಂದ ಇಳಿಸಿಕೊಂಡ ಬ್ರಿಟಿಷ್ ಪಾಠಗಳಲ್ಲಿ "2000ಕ್ಕಿಂತ ಮೊದಲು ಕಟ್ಟಿದ ಕಟ್ಟಡ" ಎಂದಿರುತ್ತದೆ. ಅಲ್ಲಿ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿದ್ದರಿಂದ ಆ ಗೆರೆ ಅವರಿಗೆ ಸರಿ. ಆಸ್ಟ್ರೇಲಿಯಾ 2003ರ ಕೊನೆಗೆ, ಐರೋಪ್ಯ ಒಕ್ಕೂಟ 2005ಕ್ಕೆ ನಿಲ್ಲಿಸಿದವು. ಭಾರತದಲ್ಲಿ ಬಿಳಿ ಕಲ್ನಾರಿನ ಆಮದೂ ಶೀಟಿನ ತಯಾರಿಕೆಯೂ ಕಾನೂನುಬದ್ಧವಾಗಿಯೇ ನಡೆದುಕೊಂಡು ಬಂದಿವೆ. ಆದ್ದರಿಂದ ಕಳೆದ ವರ್ಷ ಹಾಕಿಸಿದ ಸ್ಕೂಟರ್ ಶೆಡ್ಡಿನಲ್ಲೂ ಅದು ಇರಬಹುದು. ಆ ಪಾಠಗಳನ್ನು ಹಾಗೆಯೇ ಅನುವಾದಿಸಿ ತೋರಿಸಿದರೆ "ನಮ್ಮದು ಹೊಸ ಕಟ್ಟಡ, ನಮಗೇಕೆ" ಎಂದು ಎಲ್ಲರೂ ಎದ್ದು ಹೋಗುತ್ತಾರೆ.

ಎರಡನೆಯದು ಕಣ್ಣಿನ ಲೆಕ್ಕ. ಕಲ್ನಾರು ಇಲ್ಲದ ನಾರುಸಿಮೆಂಟ್ ಹಲಗೆಗಳೂ ಮಾರುಕಟ್ಟೆಯಲ್ಲಿವೆ. ನೋಡಲು ಎರಡೂ ಒಂದೇ. ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಸೂಕ್ಷ್ಮದರ್ಶಕ ಮಾತ್ರ. ಪರೀಕ್ಷೆಗೆ ಚೂರು ಬೇಕೆಂದು ಸುತ್ತಿಗೆಯಿಂದ ಒಡೆಯುವುದು ಬೇಡ, ಮಾದರಿ ತೆಗೆಯುವ ಕೆಲಸವನ್ನೂ ಪ್ರಯೋಗಾಲಯದವರಿಗೇ ಬಿಡಿ. ಪರೀಕ್ಷೆ ಆಗುವವರೆಗೆ ಅನುಮಾನದ್ದೆಲ್ಲವೂ ಕಲ್ನಾರೇ ಎಂದು ಬರೆದುಕೊಳ್ಳಿ.

ಹಂತ 2: ಯಾರನ್ನು ಕೂರಿಸಬೇಕು?

ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಬಣ್ಣ ಹಚ್ಚುವವರು ಎಂದು ಎಲ್ಲರಿಗೂ ಹೊಳೆಯುತ್ತದೆ. ಸಿಸಿ ಕ್ಯಾಮೆರಾ ಮತ್ತು ಇಂಟರ್‌ನೆಟ್ ತಂತಿ ಎಳೆಯುವವರು ನೆನಪಿಗೆ ಬರುವುದಿಲ್ಲ; ಗೋಡೆ, ಹಲಗೆ ಎನ್ನದೆ ತೂತು ಹೊಡೆಯುವವರು ಅವರೇ. ಗುಡಿಸುವ ಮಹಿಳೆಯರನ್ನು ಬಿಟ್ಟುಬಿಡುವುದು ಇನ್ನೂ ದೊಡ್ಡ ತಪ್ಪು. ಕೊರೆದವನು ಹೋದ ಮೇಲೆ ಆ ಪುಡಿಯ ಮೇಲೆ ಪೊರಕೆ ಆಡಿಸುವವರು ಅವರು. ಕೆಲಸ ಹಂಚುವ ಮೇಲ್ವಿಚಾರಕನೂ ಅದೇ ಬೆಂಚಿನಲ್ಲಿ ಕುಳಿತು ಕೇಳಬೇಕು.

ಒಮ್ಮೆಗೆ ಹನ್ನೆರಡು ಹದಿನೈದು ಜನ ಸಾಕು. ಬೆಂಗಳೂರಿನಂಥ ಊರಲ್ಲಿ ಇವರಲ್ಲಿ ಕನ್ನಡದವರ ಜೊತೆ ಒಡಿಶಾ, ಬಂಗಾಳ, ಬಿಹಾರದಿಂದ ಬಂದವರೂ ಇರುತ್ತಾರೆ. ಅವರ ಮಾತು ಬಲ್ಲ ಒಬ್ಬರನ್ನು ಪಕ್ಕದಲ್ಲಿಟ್ಟುಕೊಳ್ಳಿ. ಊಟವಾದ ಮೇಲಿನ ಹೊತ್ತು ಬೇಡ, ಬೆಳಗಿನ ಹೊತ್ತಿರಲಿ. ಅಂದಿನ ಕೂಲಿ ಕಡಿತವಾಗುವುದಿಲ್ಲ ಎಂದು ಮೊದಲೇ ಹೇಳಿ.

ಹಂತ 3: ಹೇಳಬೇಕಾದ ಮಾತು, ತೋರಿಸಬೇಕಾದ ಧೂಳು

ಕಾಯಿಲೆಗಳ ಬಗ್ಗೆ ಹತ್ತು ನಿಮಿಷ ಸಾಕು, ಹೆದರಿಸುವ ಚಿತ್ರಗಳು ಬೇಡ. ಮೂರು ಹೆಸರು ಹೇಳಿ. ಆಸ್‌ಬೆಸ್ಟೋಸಿಸ್: ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿ ಉಸಿರು ಕುಗ್ಗುತ್ತಾ ಹೋಗುವುದು. ಶ್ವಾಸಕೋಶದ ಕ್ಯಾನ್ಸರ್: ಬೀಡಿ, ಸಿಗರೇಟು ಸೇದುವವರಲ್ಲಿ ಕಲ್ನಾರು ಮತ್ತು ಹೊಗೆ ಎರಡೂ ಸೇರಿ ಅಪಾಯ ಹಲವು ಪಟ್ಟಾಗುತ್ತದೆ. ಮೀಸೋಥೀಲಿಯೋಮ: ಶ್ವಾಸಕೋಶ ಅಥವಾ ಹೊಟ್ಟೆಯನ್ನು ಸುತ್ತಿದ ಪೊರೆಗೆ ಬರುವ ಕ್ಯಾನ್ಸರ್.

ಇವು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ದಶಕಗಳೇ ಹಿಡಿಯುತ್ತವೆ. ಇಪ್ಪತ್ತೈದರ ಹುಡುಗ ಇಂದು ಕೊರೆದದ್ದು ಐವತ್ತು ದಾಟಿದ ಮೇಲೆ ಎದುರಾಗಬಹುದು. ಕಲಿಸುವವರಿಗೆ ಇರುವ ನಿಜವಾದ ಕಷ್ಟ ಇದೇ. "ಹತ್ತು ವರ್ಷದಿಂದ ಕೊರೆಯುತ್ತಿದ್ದೇನೆ ಸರ್, ಒಂದು ಕೆಮ್ಮೂ ಇಲ್ಲ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರನ್ನು ಗದರಬೇಡಿ, ಅವರು ಸುಳ್ಳು ಹೇಳುತ್ತಿಲ್ಲ. ಈ ಎಳೆ ತುರಿಸುವುದಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಬೀಳುವುದಿಲ್ಲ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಶ್ವಾಸಕೋಶದ ಆಳಕ್ಕೆ ಇಳಿಯುವ ಕಲ್ನಾರಿನ ಎಳೆ 3 ಮೈಕ್ರಾನಿಗಿಂತ ತೆಳು.

ಮಾತಿಗಿಂತ ಪೌಡರ್ ಚೆನ್ನಾಗಿ ಪಾಠ ಮಾಡುತ್ತದೆ. ಕೋಣೆ ಕತ್ತಲು ಮಾಡಿ, ನೆಲದ ಮೇಲೆ ಒಂದು ಚಿಟಿಕೆ ಪೌಡರ್ ಉದುರಿಸಿ, ಒಣ ಪೊರಕೆಯಿಂದ ಗುಡಿಸಿ. ಬದಿಯಿಂದ ಟಾರ್ಚ್ ಬಿಟ್ಟರೆ ಬೆಳಕಿನ ಕೋಲಿನಲ್ಲಿ ಧೂಳು ಎಷ್ಟು ಹೊತ್ತು ತೇಲುತ್ತದೆ, ಎಷ್ಟು ಜನರ ಮೂಗಿನ ಮಟ್ಟಕ್ಕೆ ಏಳುತ್ತದೆ ಎಂದು ಎಲ್ಲರಿಗೂ ಕಾಣುತ್ತದೆ. ಆಮೇಲೆ ಅದೇ ಜಾಗಕ್ಕೆ ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಟಾರ್ಚ್ ಬಿಡಿ. ಕಲ್ನಾರಿನ ಎಳೆ ಇದಕ್ಕಿಂತಲೂ ಹೆಚ್ಚು ಹೊತ್ತು ತೇಲಬಲ್ಲದು ಎಂದು ಹೇಳಿದರೆ ಸಾಕು. ನೆನಪಿಡಿ, ಈ ಪ್ರಯೋಗಕ್ಕೆ ನಿಜವಾದ ಶೀಟಿನ ಚೂರನ್ನು ಬಳಸಕೂಡದು.

ಮುಖಗವಸಿನ ಅಭ್ಯಾಸವನ್ನೂ ಇಲ್ಲೇ ಮಾಡಿಸಿ. ಟವೆಲ್, ಕರವಸ್ತ್ರ, ಆಸ್ಪತ್ರೆಯ ನೀಲಿ ಮಾಸ್ಕ್, ಇವು ಯಾವುದೂ ಈ ಎಳೆಯನ್ನು ತಡೆಯುವುದಿಲ್ಲ. ಎರಡೂ ಪಟ್ಟಿ ಹಾಕಿ, ಮೂಗಿನ ತಂತಿ ಒತ್ತಿ, ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಅಂಚಿನಿಂದ ಗಾಳಿ ನುಗ್ಗಬಾರದು. ಗಡ್ಡ ಬಿಟ್ಟವರಿಗೆ ಇದು ಕೂರುವುದೇ ಇಲ್ಲ. ನಂಬಿಕೆಯ ಕಾರಣಕ್ಕೆ ಗಡ್ಡ ಬಿಟ್ಟವರನ್ನು ಮುಜುಗರಕ್ಕೆ ದೂಡದೆ ಬೇರೆ ಕೆಲಸಕ್ಕೆ ಹಾಕಿ.

ಹಂತ 4: ಅವರನ್ನೂ ಸುತ್ತಿಸಿ

ನಿಮ್ಮ ಪಟ್ಟಿ ಹಿಡಿದು ಎಲ್ಲರೂ ಒಟ್ಟಿಗೆ ಒಂದು ಸುತ್ತು. ನೀವು ಬಾಯಿ ಬಿಡಬೇಡಿ, ಅವರೇ ತೋರಿಸಲಿ. ನೀವು ಬಿಟ್ಟುಹೋದ ಎರಡು ಮೂರು ಜಾಗಗಳನ್ನು ಹಳೆಯ ಪ್ಲಂಬರ್ ಖಂಡಿತ ಹೇಳುತ್ತಾನೆ. ಯಾವ ಕೊಳವೆ ಗೋಡೆಯೊಳಗೆ ಹೋಗಿದೆ ಎಂದು ನಕ್ಷೆಗಿಂತ ಅವನಿಗೆ ಚೆನ್ನಾಗಿ ಗೊತ್ತು. ಗುರುತಿಸಿದ ಕಡೆಯೆಲ್ಲ "ಕಲ್ನಾರು: ಕೊರೆಯಬೇಡಿ, ಒಡೆಯಬೇಡಿ" ಎಂಬ ಚೀಟಿ ಅಂಟಿಸಿ.

ಹಂತ 5: ನಿಲ್ಲಿಸುವ ನಿಯಮ

ಇಡೀ ತರಬೇತಿಯ ತಿರುಳು ಈ ಹಂತ. ನಿಯಮ ಚಿಕ್ಕದು: ಕೊರೆಯುವ, ಕತ್ತರಿಸುವ, ಕಳಚುವ ಮೊದಲು ಪಟ್ಟಿ ನೋಡು, ಪಟ್ಟಿಯಲ್ಲಿದ್ದರೆ ನಿಲ್ಲಿಸು, ಪಟ್ಟಿಯಲ್ಲಿಲ್ಲದಿದ್ದರೂ ಅನುಮಾನ ಬಂದರೆ ನಿಲ್ಲಿಸು, ಮೇಲ್ವಿಚಾರಕನಿಗೆ ಹೇಳು.

ನಿಯಮ ಮುರಿಯುವುದು ಅಜ್ಞಾನದಿಂದಲ್ಲ, ಗುತ್ತಿಗೆಯ ಲೆಕ್ಕದಿಂದ. ಇಷ್ಟು ಪಾಯಿಂಟಿಗೆ ಇಷ್ಟು ರೂಪಾಯಿ ಎಂದು ಬಂದವನು ಕೆಲಸ ನಿಲ್ಲಿಸಿ ಕುಳಿತರೆ ಅಂದಿನ ದುಡಿಮೆ ಹೋಯಿತು. "ಅನುಮಾನದಿಂದ ನಿಲ್ಲಿಸಿದ ಹೊತ್ತಿಗೂ ಕೂಲಿ ಕೊಡಲಾಗುವುದು" ಎಂಬ ಒಂದು ಸಾಲನ್ನು ಗುತ್ತಿಗೆ ಪತ್ರದಲ್ಲಿ ಸೇರಿಸಿ. ಆ ಸಾಲು ಸೇರಿಸಲು ಒಪ್ಪದ ಆಡಳಿತ ಮಂಡಳಿ ತರಬೇತಿಗೆ ಹಣ ಖರ್ಚು ಮಾಡುವುದು ದಂಡ.

ಹಂತ 6: ಸೋರುವ ಶೀಟಿನ ವಿಚಾರ

ಈಗ ಪ್ಲಂಬರ್ ಹುಡುಗನ ಪ್ರಶ್ನೆಗೆ ಬರೋಣ. ಅರಿವಿನ ತರಬೇತಿ ಮಾತ್ರ ಪಡೆದವನನ್ನು ಹತ್ತಿಸಬಾರದು. ಈ ಕೆಲಸಕ್ಕೇ ಪ್ರತ್ಯೇಕವಾಗಿ ತಯಾರಾದ ಇಬ್ಬರು ಇರಬೇಕು, ಇಲ್ಲವೇ ಅನುಭವಿಗಳನ್ನು ಹೊರಗಿನಿಂದ ಕರೆಸಬೇಕು. ಹೊರಗಿನವರು ಬಂದರೂ ಅವರು ಮಾಡುತ್ತಿರುವುದು ಸರಿಯೇ ಎಂದು ನಿಮಗೆ ತಿಳಿಯಬೇಕಲ್ಲ, ಅದಕ್ಕಾಗಿ ಕ್ರಮ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಬೀಳುವ ಅಪಾಯ. ಎಳೆ ಕೊಲ್ಲಲು ದಶಕ ಬೇಕು, ಹಳೆಯ ಶೀಟ್ ಕಾಲಡಿಯಲ್ಲಿ ಮುರಿಯಲು ಕ್ಷಣ ಸಾಕು. "ಬೋಲ್ಟ್ ಸಾಲಿನ ಮೇಲೆ ಕಾಲಿಟ್ಟು ನಡೆದರೆ ಏನೂ ಆಗುವುದಿಲ್ಲ" ಎಂಬುದು ಕೆಲಸಗಾರರಲ್ಲಿ ಬೇರೂರಿದ ಮಾತು. ಅದನ್ನು ನಂಬಿ ಬಿದ್ದವರಿದ್ದಾರೆ. ಸಾಧ್ಯವಾದರೆ ಕೆಳಗಿನಿಂದ, ಅಟ್ಟಣೆ ಕಟ್ಟಿ ಕೆಲಸ ಮಾಡಿ. ಮೇಲೆ ಹೋಗಲೇಬೇಕಾದರೆ ಆಧಾರದ ಕಬ್ಬಿಣಗಳ ಮೇಲೆ ಕೂರುವಷ್ಟು ಉದ್ದದ ಹಲಗೆ-ಏಣಿ, ಸೊಂಟದ ಬೆಲ್ಟಲ್ಲ, ಪೂರ್ತಿ ಮೈಯ ಹಾರ್ನೆಸ್, ಅದನ್ನು ಬಿಗಿಯಲು ಶೀಟಿಗೆ ಸಂಬಂಧವಿಲ್ಲದ ಗಟ್ಟಿ ಜಾಗ. ಮಳೆ ಬಂದು ಪಾಚಿ ಕಟ್ಟಿದ ಶೀಟಿನ ಮೇಲೆ ಯಾರೂ ಹತ್ತುವುದು ಬೇಡ.

ಸೋರಿಕೆ ಬಹಳ ಸಲ ಶೀಟಿನದಲ್ಲ, ಬೋಲ್ಟಿನ ತಲೆಯ ಕೆಳಗೆ ಒಣಗಿ ಬಿರಿದ ವಾಷರಿನದು. ಹಾಗಿದ್ದರೆ ವಾಷರ್ ಬದಲಿಸಿದರೆ ಮುಗಿಯಿತು. ಶೀಟ್ ಬದಲಿಸಲೇಬೇಕಾದರೆ:

ಕೆಳಗಿನ ಜಾಗ ಖಾಲಿ ಮಾಡಿಸಿ, ಹಗ್ಗ ಕಟ್ಟಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ. ಹಾಸು 150 ಮೈಕ್ರಾನ್ ಇರಲಿ. ಅಂಗಡಿಯಲ್ಲಿ 600 ಗೇಜ್ ಎಂದು ಕೇಳಿ. ಮುಖಗವಸು, ಬಳಸಿ ಬಿಸಾಡುವ ತಲೆಮುಚ್ಚುವ ಮೇಲುಡುಪು, ಗಮ್‌ಬೂಟ್. ಲೇಸ್ ಇರುವ ಶೂ ಬೇಡ, ಪುಡಿ ಅದರ ಸಂದಿಯಲ್ಲಿ ಕೂತು ಮನೆಗೆ ಬರುತ್ತದೆ. ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪಿನಿಂದ ಮೆಲ್ಲಗೆ ಶೀಟ್ ತೋಯಿಸಿ. ಸೋಪು ನೀರನ್ನು ಒಳಗಿಳಿಸುತ್ತದೆ. ಶೀಟನ್ನು ಹಿಡಿದಿರುವ ಕೊಕ್ಕೆಯಾಕಾರದ ಜೆ-ಬೋಲ್ಟ್ ತುಕ್ಕು ಹಿಡಿದಿದ್ದರೆ ಬೋಲ್ಟ್ ಕಟರಿನಿಂದ ಕತ್ತರಿಸಿ. ಗ್ರೈಂಡರ್ ಹತ್ತಿರಕ್ಕೂ ಸುಳಿಯಬಾರದು, ಸುತ್ತಿಗೆಯಿಂದ ಶೀಟ್ ಒಡೆದು ಬೋಲ್ಟ್ ಬಿಡಿಸುವ ಅಡ್ಡದಾರಿಯೂ ಬೇಡ. ಮೂರು ಮೀಟರ್ ಶೀಟ್ ಸುಮಾರು 40 ಕೆಜಿ ತೂಗುತ್ತದೆ, ಇಬ್ಬರು ಹಿಡಿದು ಇಡಿಯಾಗಿ ಇಳಿಸಬೇಕು. ಎಸೆಯುವಂತಿಲ್ಲ.

ಕೆಲಸ ಮುಗಿದ ಮೇಲೆ ಉಡುಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಳಬದಿ ಹೊರಗಾಗುವಂತೆ ಸುರುಳಿ ಮಾಡುತ್ತಾ ಕಳಚಿ. ಮುಖಗವಸು ಎಲ್ಲಕ್ಕಿಂತ ಕೊನೆಗೆ. ಇದನ್ನು ಮೊದಲು ಕಿತ್ತೆಸೆದು ಉಡುಪು ಕೊಡವುವವರೇ ಹೆಚ್ಚು.

ಶೀಟನ್ನು ಇಳಿಸದೆ ಇದ್ದಲ್ಲೇ ಒಂದು ತೂತು ಕೊರೆಯುವುದು ಅನಿವಾರ್ಯವಾದರೆ, ಮುಖಗವಸು ಹಾಕಿದ ಮೇಲೆ, ಆ ಬಿಂದುವಿನ ಮೇಲೆ ಶೇವಿಂಗ್ ಫೋಮನ್ನು ದಪ್ಪನಾಗಿ ಹಚ್ಚಿ, ಕೈಡ್ರಿಲ್‌ನಿಂದ ನಿಧಾನ ಕೊರೆಯಬೇಕು. ಪುಡಿ ಫೋಮಿನಲ್ಲೇ ಸಿಕ್ಕಿಕೊಳ್ಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಕಲ್ನಾರಿನ ಕಸದ ಜೊತೆ ಕಟ್ಟಿಡಿ.

ಯಾವ ಕಾರಣಕ್ಕೂ ಮಾಡಬಾರದ ಎರಡು ಕೆಲಸ: ಬಣ್ಣ ಹಚ್ಚುವ ಮೊದಲು ಪಾಚಿ ತೆಗೆಯಲೆಂದು ಪ್ರೆಷರ್ ವಾಷರ್ ಬಿಡುವುದು, ಮತ್ತು ಬಾಯ್ಲರ್ ಕೊಳವೆಯ ಹಳೆಯ ಸುತ್ತನ್ನು ನಿಮ್ಮ ಸಿಬ್ಬಂದಿಯಿಂದ ಬಿಚ್ಚಿಸುವುದು. ಎರಡನೆಯದನ್ನು ಪರಿಣತ ಸಂಸ್ಥೆಯಿಂದ ಮಾತ್ರ ಮಾಡಿಸಬೇಕು.

ಹಂತ 7: ಅಚಾನಕ್ಕಾಗಿ ಒಡೆದರೆ

ತೆಂಗಿನಕಾಯಿ ಬಿತ್ತು, ಗಾಳಿಗೆ ಶೀಟ್ ಹಾರಿತು. ಜನರನ್ನು ದೂರ ಸರಿಸಿ, ಫ್ಯಾನ್ ಇದ್ದರೆ ಆರಿಸಿ, ನೀರು ಸಿಂಪಡಿಸಿ ಒದ್ದೆ ಮಾಡಿ. ಮುಖಗವಸು ಹಾಕಿಕೊಂಡು ದೊಡ್ಡ ತುಂಡುಗಳನ್ನು ಕೈಯಿಂದ ಎತ್ತಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಪೊರಕೆ ಬೇಡ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಒಳಗೆಳೆದ ಎಳೆಯನ್ನು ಹಿಂದಿನಿಂದ ಕೋಣೆಗೆಲ್ಲ ಊದುತ್ತದೆ. ಮೈಮೇಲೆ ಪುಡಿ ಬಿದ್ದವರು ಅಲ್ಲೇ ಬಟ್ಟೆ ಬದಲಿಸಿ ಸ್ನಾನ ಮಾಡಲಿ. ಆ ಬಟ್ಟೆಯನ್ನು ಮನೆಗೆ ಒಯ್ದು ಹೆಂಡತಿ ಒಗೆಯುವಂತಾಗಬಾರದು; ಕೆಲಸಗಾರರ ಬಟ್ಟೆಯ ಧೂಳಿನಿಂದಲೇ ಮನೆಯವರಿಗೆ ಮೀಸೋಥೀಲಿಯೋಮ ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಒಮ್ಮೆ ಧೂಳು ಕುಡಿದವನು ಗಾಬರಿಯಾಗಿ ಮರುದಿನವೇ ಎಕ್ಸ್‌ರೇ ತೆಗೆಸುವುದರಿಂದ ಏನೂ ತಿಳಿಯುವುದಿಲ್ಲ. ಒಂದು ಸಲದ ಅಲ್ಪ ಸಂಪರ್ಕದಿಂದ ಅಪಾಯ ಕಡಿಮೆ ಎಂದು ಸಮಾಧಾನ ಹೇಳಿ, ಘಟನೆಯನ್ನು ಪುಸ್ತಕದಲ್ಲಿ ಬರೆದಿಡಿ.

ಹಂತ 8: ಕಸವನ್ನು ಏನು ಮಾಡುವುದು?

ಇಡೀ ಕೆಲಸದಲ್ಲಿ ಜನ ಕೈಚೆಲ್ಲುವ ಜಾಗ ಇದು. ಆಟೋದಲ್ಲಿ ಹಿಡಿಸಲೆಂದು ಶೀಟನ್ನು ತುಂಡು ಮಾಡುತ್ತಾರೆ, ರಸ್ತೆಯ ಗುಂಡಿಗೆ ತುಂಬುತ್ತಾರೆ, ಕೆರೆಯಂಚಿಗೆ ಸುರಿಯುತ್ತಾರೆ, ಇಲ್ಲವೇ "ಪಾಪ, ದನದ ಕೊಟ್ಟಿಗೆಗೆ ಆಗುತ್ತದೆ" ಎಂದು ಯಾರಿಗೋ ದಾನ ಮಾಡುತ್ತಾರೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ ಬಿಸಾಡಿದ ಕಲ್ನಾರಿನ ಹೆಸರಿದೆ. ಶೀಟನ್ನು ಒದ್ದೆಯಾಗಿಯೇ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪ್ ಹಾಕಿ, ಹೆಸರು ಬರೆದು, ಬೀಗವಿರುವ ಜಾಗದಲ್ಲಿಡಿ. ಬಳಸಿದ ಮುಖಗವಸು, ಉಡುಪು, ಬಟ್ಟೆಗಳಿಗೂ ಹೀಗೆಯೇ. ಆಮೇಲೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಗೆ ಪತ್ರ ಬರೆದು, ಅಧಿಕೃತ ವಿಲೇವಾರಿ ಘಟಕಕ್ಕೆ ಕಳಿಸುವ ದಾರಿ ಕೇಳಿ. ಬೆಂಗಳೂರಿನ ಸುತ್ತಲಿನವರಿಗೆ ದಾಬಸ್‌ಪೇಟೆಯ ಕಡೆ ಇಂಥ ಘಟಕವಿದೆ. ನಾಲ್ಕು ಶೀಟಿಗೆ ಇಷ್ಟೆಲ್ಲ ಓಡಾಟವೇ ಎನ್ನಿಸಬಹುದು. ಅಕ್ಕಪಕ್ಕದ ಎರಡು ಮೂರು ಸಂಘಗಳು ಸೇರಿ ಒಂದೇ ಲಾರಿಯಲ್ಲಿ ಕಳಿಸಿದರೆ ಖರ್ಚು ಹಂಚಿಹೋಗುತ್ತದೆ.

ಹಂತ 9: ಪುಸ್ತಕ ಮತ್ತು ಆರೋಗ್ಯ

ಯಾರು ತರಬೇತಿಗೆ ಬಂದರು, ಯಾರು ಯಾವ ದಿನ ಯಾವ ಶೀಟ್ ಮುಟ್ಟಿದರು, ಯಾವಾಗ ಏನು ಒಡೆಯಿತು, ಎಲ್ಲವೂ ಒಂದೇ ಪುಸ್ತಕದಲ್ಲಿರಲಿ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಉದ್ಯಮಗಳಿಗೆ ಕೊಟ್ಟ ಆದೇಶದಲ್ಲಿ, ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರ ಮುಗಿಯುತ್ತದೋ ಅಲ್ಲಿಯವರೆಗೆ ಕಾಪಾಡಬೇಕೆಂದಿತ್ತು. ಆದೇಶ ಉದ್ಯಮಗಳಿಗೆ ಕೊಟ್ಟದ್ದಾದರೂ ಅದರ ಹಿಂದಿನ ಲೆಕ್ಕ ನಿಮಗೂ ಹೊಂದುತ್ತದೆ: ಕಾಯಿಲೆ ಬರುವ ಹೊತ್ತಿಗೆ ಸಂಘದ ಕಾರ್ಯದರ್ಶಿ ಏಳೆಂಟು ಸಲ ಬದಲಾಗಿರುತ್ತಾರೆ. ಕಲ್ನಾರಿನ ಕಾಯಿಲೆಗಳು ಹಿಂದಿನ ನೌಕರರ ಪರಿಹಾರ ಕಾಯ್ದೆಯ ವೃತ್ತಿಕಾಯಿಲೆಗಳ ಪಟ್ಟಿಯಲ್ಲಿದ್ದವು. ಪರಿಹಾರ ಕೇಳಲು ಕೆಲಸಗಾರನಿಗೆ ಬೇಕಾಗುವುದು ತಾನು ಎಲ್ಲಿ, ಯಾವಾಗ ಆ ಧೂಳಿನಲ್ಲಿ ದುಡಿದೆ ಎಂಬ ಕಾಗದ. ಹಾಜರಾತಿಯ ಒಂದು ಪ್ರತಿಯನ್ನು ಅವನ ಕೈಗೂ ಕೊಡಿ.

ಶೀಟಿನ ಕೆಲಸವನ್ನೇ ಮತ್ತೆಮತ್ತೆ ಮಾಡುವ ಇಬ್ಬರಿಗೆ ವರ್ಷಕ್ಕೊಮ್ಮೆ ಉಸಿರಾಟದ ಸಾಮರ್ಥ್ಯದ ಪರೀಕ್ಷೆ, ವೈದ್ಯರು ಹೇಳಿದಾಗ ಎಕ್ಸ್‌ರೇ ಮಾಡಿಸಿ. ಇಎಸ್‌ಐ ಕಾರ್ಡ್ ಇದ್ದವರು ಅಲ್ಲಿನ ವೈದ್ಯರಿಗೆ ತಮ್ಮ ಕೆಲಸ ಯಾವುದೆಂದು ಬಾಯಿಬಿಟ್ಟು ಹೇಳಲಿ. ಹೇಳದಿದ್ದರೆ ಕೆಮ್ಮಿಗೆ ಸಿರಪ್ ಸಿಗುತ್ತದೆ, ಅಷ್ಟೆ.

ಮರುತರಬೇತಿಗೆ ಮಾರ್ಚ್ ತಿಂಗಳು ಒಳ್ಳೆಯದು, ಗಾಳಿಮಳೆಗೆ ಮುಂಚೆ. ನಡುವೆ ಹೊಸಬರು ಸೇರಿದರೆ ಮೊದಲ ದಿನವೇ ಪಟ್ಟಿ ತೋರಿಸಿ ಒಂದು ಸುತ್ತು ಹಾಕಿಸಿ. ಆ ಪಟ್ಟಿಯನ್ನು ಕಚೇರಿಯ ಕಡತದಲ್ಲಿಟ್ಟರೆ ಯಾರೂ ನೋಡುವುದಿಲ್ಲ. ಡ್ರಿಲ್ ಯಂತ್ರ ಇಡುವ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ.